ಕಲೆಹುವಾದ ಶ್ರುತಿ

ಎಲ್ರಾಯ್ ಕೌಹಾನೆಯ ಕೈಗೆ ಉಕುಲೆಲೆ, ಅಂದರೆ ನಮ್ಮ ನಾಲ್ಕು ತಂತಿಯ ಪುಟ್ಟ ಗಿಟಾರು, ಬಂದರೆ ಅವನು ಮೊದಲು ಮಾಡುವ ಕೆಲಸ ಅದರ ತಂತಿಗಳನ್ನು ಸಡಿಲಿಸುವುದು. ತಯಾರಿಸಿದವನು ಗಂಟೆಗಟ್ಟಲೆ ಕೂತು ಶ್ರುತಿ ಮಾಡಿ ತಂದಿರುತ್ತಾನೆ. ಇವನು ಆ ಬಡಪಾಯಿಯ ಮುಖವನ್ನೂ ನೋಡದೆ ನಾಲ್ಕು ಬಿರಡೆಗಳನ್ನೂ ಹಿಂದಕ್ಕೆ ತಿರುಗಿಸುತ್ತಾನೆ. ಆಮೇಲೆ ಕಣ್ಣು ಮುಚ್ಚಿ, ಮೂಗಿನಲ್ಲೇ ಏನೋ ಗುನುಗಿಕೊಂಡು, ದಪ್ಪ ತಂತಿಯನ್ನು ತನಗೆ ಬೇಕಾದ ಜಾಗಕ್ಕೆ ತಂದು ನಿಲ್ಲಿಸಿ, ಉಳಿದ ಮೂರನ್ನು ಅದಕ್ಕೆ ಹೊಂದಿಸುತ್ತಾನೆ. ಅದು ಲೋಕದ ಶ್ರುತಿಗಿಂತ ಒಂದು ಮೆಟ್ಟಿಲು ಕೆಳಗೆ. ಯಾಕೆ ಹೀಗೆ ಎಂದು ಗಿರಾಕಿಗಳು ಕೇಳಿದರೆ, ತಂತಿ ಸಡಿಲವಾಗಿದ್ದಾಗಲೂ ಮಾತಾಡುವ ಮರವೇ ನಿಜವಾದ ಮರ, ಇವನ ಪರೀಕ್ಷೆಯ ಗುಟ್ಟೇ ಅದು ಎಂದು ನಾನು ಹೇಳುತ್ತಿದ್ದೆ. ಹಾಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಡಿ ನಡೆಸುವವರ ಬಾಯಿಗೆ ಇಂಥ ಮಾತುಗಳು ತಾವಾಗಿಯೇ ಬರುತ್ತವೆ.

ನಿಜವಾಗಿ ಅದು ಪರೀಕ್ಷೆಯೂ ಅಲ್ಲ, ಗುಟ್ಟೂ ಅಲ್ಲ. ಅದು ಅವನ ಊರಿನ ಶ್ರುತಿ. ಆ ಊರು ಈಗ ಇಲ್ಲ.

ನಾನು ಸುಮಿಯೆ, ಎಲ್ಲರ ಬಾಯಲ್ಲೂ ಸುಮಿ. ಓಕಿನಾವಾದಿಂದ ಕಬ್ಬಿನ ತೋಟಕ್ಕೆ ಕೂಲಿಗೆ ಬಂದವರ ಮೊಮ್ಮಗಳು. ಈ ದ್ವೀಪದ ಹಿಲೋ ಪಟ್ಟಣದಲ್ಲಿ ಕೊಲ್ಲಿಗೆ ಮುಖ ಮಾಡಿದ ಬೀದಿಯಲ್ಲಿ ಅಪ್ಪನ ಕಾಲದಿಂದ ನಮ್ಮದು ವಾದ್ಯದ ಅಂಗಡಿ. ಎಲ್ರಾಯ್ ಶಾಲೆಯ ಬಸ್ಸು ಓಡಿಸಿಕೊಂಡಿದ್ದವನು. ಬಿಡುವಿದ್ದಾಗ ಅಂಗಡಿಗೆ ಬಂದು ಗೋಡೆಗೆ ನೇತುಹಾಕಿದ ಒಂದೊಂದನ್ನೇ ಇಳಿಸಿ ಬಾರಿಸುತ್ತಿದ್ದ. ಇವನು ಚೆನ್ನಾಗಿದೆ ಎಂದದ್ದು ಉಳಿಯುತ್ತಿರಲಿಲ್ಲ, ಮೂಗು ಮುರಿದದ್ದು ಧೂಳು ತಿನ್ನುತ್ತಿತ್ತು. ಅದನ್ನು ಅಪ್ಪ ಗಮನಿಸಿದರು. ಅಲ್ಲಿಂದ ಮುಂದೆ ದೊಡ್ಡ ಬೆಲೆಯ ಯಾವ ವಾದ್ಯವೂ ಎಲ್ರಾಯ್‌ನ ಹೊಟ್ಟೆಯ ಮೇಲೆ ಒಮ್ಮೆ ಕೂರದೆ ನಮ್ಮ ಅಂಗಡಿಯಿಂದ ಆಚೆ ಹೋದದ್ದಿಲ್ಲ. ಆಳು ಭಾರಿ, ಹೊಟ್ಟೆ ಇನ್ನೂ ಭಾರಿ; ಉಕುಲೆಲೆ ಅದರ ಮೇಲೆ ಮಲಗಿಸಿದ ಕೂಸಿನ ಹಾಗೆ ಕಾಣುತ್ತದೆ. ತೀರ್ಪು ಎರಡೇ. ಒಪ್ಪಿಗೆಯಾದರೆ "ನಡಿಯುತ್ತೆ." ಆಗದಿದ್ದರೆ "ಇದಿನ್ನೂ ಮರ ಅಲ್ಲ, ಹಲಗೆ." ಈ ಎರಡನೆಯದನ್ನು ಕೇಳಿ ಕಣ್ಣಲ್ಲಿ ನೀರು ಹಾಕಿಕೊಂಡು ಹೋದ ಗಡ್ಡದ ಗಂಡಸರನ್ನು ನಾನು ಕಂಡಿದ್ದೇನೆ.

ಕಲೆಹುವಾ ಎಂದರೆ ನಮ್ಮ ದ್ವೀಪದ ಪೂನಾ ಸೀಮೆಯ ಕಡಲತೀರದ ಹಳ್ಳಿ. ಕಪ್ಪು ಮರಳು, ತೆಂಗು, ಮೀನಿನ ಬಲೆ, ನಡುವೆ ಒಂದು ಮರದ ಚರ್ಚು. ಚರ್ಚಿನಲ್ಲಿ ಕಾಲಿನಿಂದ ತಿದಿ ಒತ್ತುವ ಹಳೆಯ ಹಾರ್ಮೋನಿಯಂ ಇತ್ತು. ಪಾದ್ರಿಗಳ ಹೆಂಡತಿ ಸಾಯುವ ಮುಂಚೆ ಊರಿನವರನ್ನೆಲ್ಲ ಹುರಿದುಂಬಿಸಿ, ಎಲೆಯಲ್ಲಿ ಮಾಂಸ ಸುತ್ತಿದ ಲಾವ್‌ಲಾವ್ ಬೇಯಿಸಿ ಮಾರಿ ತರಿಸಿದ ಪೆಟ್ಟಿಗೆ ಅದು. ಎಲ್ರಾಯ್‌ನ ಅಕ್ಕ ವಿನೋನಾ ಹುಡುಗಿಯಾಗಿದ್ದಾಗಿನಿಂದ ಅದರ ಮುಂದೆ ಕೂತವಳು. ಅಲ್ಲಿನ ಪದ್ಧತಿಯಂತೆ ಪೆಟ್ಟಿಗೆ ಹಾಡಿನ ಜೊತೆಗೆ ನುಡಿಯುತ್ತಿರಲಿಲ್ಲ. ಮೊದಲ ಸ್ವರವನ್ನಷ್ಟೇ ಕೊಟ್ಟು ಸುಮ್ಮನಾಗುತ್ತಿತ್ತು; ಉಳಿದದ್ದೆಲ್ಲ ಜನರ ಗಂಟಲು. ಭಾನುವಾರ ಪ್ರಾರ್ಥನೆಗೆ ಮುಂಚೆ ಕಿಟಕಿಯ ಕೆಳಗೆ ಮರದ ನೆರಳಲ್ಲಿ ಊರಿನ ಉಕುಲೆಲೆಗಳೆಲ್ಲ ಸೇರುತ್ತಿದ್ದವು. ವಿನೋನಾ ಒಳಗಿನಿಂದ ಆ ಒಂದು ಸ್ವರವನ್ನು ಹಿಡಿದು ನಿಲ್ಲಿಸಿದರೆ, ಹೊರಗೆ ಎಲ್ಲರೂ ಬಿರಡೆ ತಿರುಗಿಸಿ ವಾರಕ್ಕಾಗುವಷ್ಟು ಶ್ರುತಿ ಮಾಡಿಕೊಳ್ಳುತ್ತಿದ್ದರು.

ಆ ಸ್ವರ ಲೋಕಕ್ಕಿಂತ ಕೆಳಗಿದೆ ಎಂದು ಕಲೆಹುವಾದವರಿಗೆ ಹೇಳುವವರು ಯಾರು? ವರ್ಷಕ್ಕೊಮ್ಮೆ ಹಿಲೋದ ಚರ್ಚುಗಳ ಜೊತೆ ಕೂಡಿ ಹಾಡಲು ಬಂದಾಗ ಹೊಂದುತ್ತಿರಲಿಲ್ಲ. ಹಿಲೋದವರಿಗೆ ಹಾಡು ಎಂದರೆ ಕಿರುಚಾಟ ಎಂದು ಬೈದುಕೊಂಡು ಅವರು ಊರಿಗೆ ಮರಳುತ್ತಿದ್ದರು. ದೇವರ ಪೆಟ್ಟಿಗೆ ತಪ್ಪಾಗಿರಬಹುದು ಎಂಬ ಯೋಚನೆ ಒಬ್ಬರ ತಲೆಗೂ ಬರಲಿಲ್ಲ. ಎಲ್ರಾಯ್ ಅಂತೂ ಇವತ್ತಿಗೂ ಆ ಪೆಟ್ಟಿಗೆಯ ಮಾತು ಬಂದರೆ ಮೆತ್ತಗಾಗುತ್ತಾನೆ. ಕೊನೆಕೊನೆಗೆ ಅದು ಎಷ್ಟು ಮಾಗಿತ್ತು ಎಂದರೆ, ಒಳಗೆ ಯಾರೋ ಮನುಷ್ಯರೇ ಕೂತು ಹಾಡಿದ ಹಾಗೆ ಕೇಳುತ್ತಿತ್ತು ಎನ್ನುತ್ತಾನೆ.

ಆಮೇಲೆ ಬೆಂಕಿಬೆಟ್ಟದ ದೇವಿ ಪೆಲೆ ಅಜ್ಜಿ ಬಂದಳು. ಬೆಟ್ಟದಿಂದ ಲಾವಾ ಇಳಿಯಿತು ಎಂದು ಪೇಪರಿನವರು ಬರೆದುಕೊಳ್ಳಲಿ. ಕಲೆಹುವಾದವರಿಗೆ ಬಂದವಳು ಅಜ್ಜಿ, ತನ್ನ ನೆಲವನ್ನು ತಾನು ತೆಗೆದುಕೊಳ್ಳಲು ಬಂದವಳು. ಹೆಂಗಸರು ಮನೆ ಗುಡಿಸಿ, ನೆಲ ಒರೆಸಿ, ಊಟದ ಮೇಜಿನ ಮೇಲೆ ಕೆಸುವಿನ ಗೆಡ್ಡೆ ಅರೆದ ಪೋಯ್ ಮತ್ತು ಒಣಮೀನು ಬಡಿಸಿಟ್ಟು ಬಾಗಿಲು ತೆರೆದೇ ಬಿಟ್ಟು ಹೊರಟರು. ಚರ್ಚಿನ ಸಾಮಾನಿಗೆ ಒಂದು ಟ್ರಕ್ ಬಂತು. ಬೆಂಚು, ಗಂಟೆ, ಪಾದ್ರಿಗಳ ಪುಸ್ತಕಗಳು ಎಲ್ಲ ಏರಿದವು. ಎಲ್ರಾಯ್ ಪೆಟ್ಟಿಗೆಗೆ ಕೈ ಹಾಕಿದಾಗ ವಿನೋನಾ ಅಡ್ಡ ನಿಂತಳು. ಇದು ಬೇಡ, ಜಾಗವಿಲ್ಲ ಎಂದಳು. ಜಾಗವಿತ್ತು. ಅವನು ಬೇಡಿಕೊಂಡ, ಬೈದ, ಕೊನೆಗೆ ಅವಳನ್ನು ತಳ್ಳಿದ. ಅವಳು ಪೆಟ್ಟಿಗೆಯನ್ನು ತಬ್ಬಿಕೊಂಡು ಕದಲಲಿಲ್ಲ. ಅಷ್ಟರಲ್ಲಿ ಹೊಗೆ ಹತ್ತಿರವಾಗಿ, ಟ್ರಕ್ಕಿನವನು ನಾನು ಹೊರಟೆ ಎಂದ. ಉಳಿದಿದ್ದ ಜಾಗದಲ್ಲಿ ವಿನೋನಾ ಒಂದಷ್ಟು ತೆಂಗಿನ ಸಸಿಗಳನ್ನು ಎತ್ತಿ ಹಾಕಿಸಿದಳಂತೆ. ಆ ಸಸಿಗಳ ವಿಷಯ ಬಂದಾಗಲೆಲ್ಲ ಎಲ್ರಾಯ್‌ನ ಹಲ್ಲು ಕಟಕಟ ಎನ್ನುತ್ತದೆ.

ಸಂಜೆಗೆ ಚರ್ಚು ಉರಿಯಿತು. ಅಕ್ಕ ತಮ್ಮನ ಮಾತು ಅವತ್ತಿಗೆ ಮುಗಿಯಿತು. ವಿನೋನಾ ಗಂಡನ ಜೊತೆ ಲಾಸ್ ವೇಗಸ್‌ಗೆ ಹೋಗಿ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ನಮ್ಮ ದ್ವೀಪದ ಎಷ್ಟು ಸಂಸಾರಗಳು ಅಲ್ಲಿಲ್ಲ? ಮೂವತ್ತು ವರ್ಷದ ಮೇಲಾಯಿತು. ಹೊಸ ವರ್ಷಕ್ಕೊಂದು ಫೋನು, ಯಾರಾದರೂ ಸತ್ತರೆ ಇನ್ನೊಂದು. ಮಳೆ ಹೇಗಿದೆ, ಚೆನ್ನಾಗಿದೆ, ಇಡಲಾ, ಇಡು. ಇಷ್ಟೇ.

ಊರು ಹೋದಮೇಲೆ ಕಲೆಹುವಾದವರು ಪಾಹೋವಾ, ಕೆಆವು, ಹಿಲೋ ಎಂದು ಚದುರಿದರು. ಹೊಸ ಚರ್ಚಿಗೆ ಹೋದರು, ಹೊಸಬರ ಜೊತೆ ಬಾರಿಸಿದರು, ಅವರ ಶ್ರುತಿಗೆ ಬಿರಡೆ ಏರಿಸಿಕೊಂಡರು. ಫೋನಿನಲ್ಲೇ ಶ್ರುತಿ ನೋಡುವ ಕಾಲವೂ ಬಂತು. ಎಲ್ರಾಯ್ ಒಬ್ಬ ಏರಿಸಲಿಲ್ಲ. ಸಂಜೆ ನಾಲ್ಕು ಜನ ಕೂಡಿ ಬಾರಿಸುವಾಗ ಇವನೊಬ್ಬ ಕೆಳಗೆ. ಮೊದಲು ನಕ್ಕರು, ಆಮೇಲೆ ಗೊಣಗಿದರು, ಆಮೇಲೆ ಕರೆಯುವುದನ್ನೇ ಬಿಟ್ಟರು. ಇವನು ಬಾರಿಸುತ್ತಿದ್ದರೆ ಕೋಳಿಗಳೂ ಮಂಕಾಗುತ್ತವೆ ಎಂದು ಹೆಂಡತಿ ಕಾರ್ಮೆನ್ ನನ್ನ ಹತ್ತಿರ ದೂರು ಹೇಳುತ್ತಾಳೆ.

ನಾನೂ ಬುದ್ಧಿ ಹೇಳಿದ್ದೆ. ಊರಿಗೆಲ್ಲ ಒಂದು, ನಿನಗೇ ಒಂದು ಯಾಕೆ ಎಂದು ರೇಗಿದ್ದೆ. ಆಗ ಅವನು ಹೇಳಿದ ಮಾತನ್ನು ನಾನು ಮರೆಯಲಿಲ್ಲ. ಮನೆ ಕಟ್ಟಬಹುದು, ಮೀನನ್ನು ಬೇರೆ ಕಡೆ ಹಿಡಿಯಬಹುದು, ಸತ್ತವರ ಹೆಸರನ್ನು ಮಕ್ಕಳಿಗೆ ಇಡಬಹುದು. ಆ ಸ್ವರ ಮಾತ್ರ ನನ್ನ ಕಿವಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂದಿದ್ದ. ಅವನಿಗೆ ಬೇಕಾಗಿದ್ದುದು ಒಂದೇ. ಆ ಸ್ವರವನ್ನು ಇನ್ನೊಬ್ಬರು ಕೇಳಿ, ಹೌದು, ಇದೇ, ಎನ್ನಬೇಕು. ಅದಕ್ಕಾಗಿ ಕಲೆಹುವಾದ ಒಬ್ಬೊಬ್ಬರ ಸಾವಿಗೂ ಹೋಗಿ, ಉಳಿದವರ ಪಕ್ಕ ಕೂತು ಬಾರಿಸಿ ನೋಡುತ್ತಿದ್ದ. ಅವರು ಪಾಪ ಅವನ ಬೆನ್ನು ತಟ್ಟಿ, ಚೆನ್ನಾಗಿ ಬಾರಿಸ್ತೀಯಪ್ಪ ಎಂದು ಊಟದ ತಟ್ಟೆಯ ಕಡೆ ತಿರುಗುತ್ತಿದ್ದರು. ಸರಿಯಾಗಿ ಹೇಳಬಲ್ಲವಳು ಅಕ್ಕ ಒಬ್ಬಳೇ. ಅವಳನ್ನು ಇವನು ಕೇಳುವವನಲ್ಲ.

ಹೀಗಿರುವಾಗ ಹೋದ ವರ್ಷ ವೇಗಸ್‌ನ ನಮ್ಮವರ ಹುಲಾ ಗುಂಪಿನಿಂದ ನನಗೆ ಫೋನ್ ಬಂತು. ದೊಡ್ಡ ಸಭಾಂಗಣದಲ್ಲಿ ಕುಣಿಯುತ್ತೇವೆ, ಮೈಕಿನ ಮುಂದೆ ಹಿಡಿದರೆ ಉಕುಲೆಲೆ ಯಾರಿಗೂ ಕೇಳುವುದಿಲ್ಲ, ನೇರವಾಗಿ ಸ್ಪೀಕರಿಗೆ ಜೋಡಿಸುವಂಥ, ದೊಡ್ಡ ಅಳತೆಯ ಟೆನರ್ ಉಕುಲೆಲೆ ಬೇಕು, ಒಳ್ಳೆಯದೇ ಬೇಕು ಎಂದರು. ಒಂದೇ ಒಂದು ಷರತ್ತು: ಎಲ್ರಾಯ್ ಕೌಹಾನೆ ನೋಡಿ ಒಪ್ಪಿರಬೇಕು. ಗುಂಪಿನ ಹಿರಿಯಳೊಬ್ಬಳ ಹಟವಂತೆ. ಹೆಸರು ಕೇಳಿದರೆ ವಿನೋನಾ. ನಾನು ಎಲ್ರಾಯ್‌ಗೆ ಗುಂಪಿನ ಹೆಸರು ಹೇಳಿದೆ, ಅಕ್ಕನ ಹೆಸರು ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಳ್ಳಬೇಕಾದಾಗ ಹಾಕಿಕೊಳ್ಳುವುದು ನನಗೆ ಗೊತ್ತು.

ವಾದ್ಯ ಮಾಡಿದವನು ಮೆಲ್ವಿನ್ ತವಾರೆಸ್, ವೈಮೆಯಾ ಕಡೆಯವನು. ಹಳೆಯ ಕೋವಾ ಮರ. ಮೈಯಲ್ಲಿ ಜೇನುಬಣ್ಣದ ಅಲೆ. ತಂತಿಗಳನ್ನು ಹೊತ್ತ ಕುದುರೆಯ ಕೆಳಗೆ ಅಕ್ಕಿಕಾಳಿನಷ್ಟು ದಪ್ಪದ ಪಟ್ಟಿ ಕೂರಿಸಿದ್ದ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಮುಟ್ಟಿಸುವುದು ಅದೇ. ಪಕ್ಕೆಯಲ್ಲಿ ಸದ್ದು ಹೆಚ್ಚು ಕಡಿಮೆ ಮಾಡುವ ಎರಡು ತಿರುಗಣೆ, ಅದರ ಪಕ್ಕದಲ್ಲಿ ಶ್ರುತಿ ತೋರಿಸುವ ಪುಟ್ಟ ದೀಪ. ಶ್ರುತಿ ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಮೆಲ್ವಿನ್ ಅದನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ, ಮಗಳನ್ನು ಗಂಡಿನ ಕಡೆಯವರಿಗೆ ತೋರಿಸುವವನ ಹಾಗೆ.

ಎಲ್ರಾಯ್ ಮೊದಲು ರಂಧ್ರಕ್ಕೆ ಮೂಗಿಟ್ಟು ಮೂಸಿದ. ಅಂಟಿನ ವಾಸನೆ ಮರದ ವಾಸನೆಗಿಂತ ಮುಂದಿದ್ದರೆ ಅವನಿಗೆ ಆಗದು. ಬೆನ್ನನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಬಿರಡೆ ಇಳಿಸಿ ತನ್ನ ಶ್ರುತಿಗೆ ತಂದ. ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನ ಮೇಲೆ ಒತ್ತಿ, ಎಲ್ಲಾದರೂ ಕಿರಿಕ್ ಎನ್ನುತ್ತದೆಯೇ ಎಂದು ಕಿವಿಗೊಟ್ಟ. ಒಂದೂ ಎನ್ನಲಿಲ್ಲ. ಒಂದು ಹಾಡು ಹಾಗೇ ಬಾರಿಸಿದ. ಆಮೇಲೆ ಸ್ಪೀಕರಿಗೆ ಜೋಡಿಸಿ, ಮೆಲ್ವಿನ್ ಕೈಗೆ ವಾದ್ಯ ಕೊಟ್ಟು, ತಾನು ಹೊರಗೆ ಹೋಗಿ ರಸ್ತೆಯಾಚೆ ಮಳೆಯಲ್ಲೇ ನಿಂತು ಕೇಳಿದ. ಇಂಥ ವಾದ್ಯಗಳ ರೋಗಗಳು ಅವನಿಗೆ ಗೊತ್ತು: ಒಂದು ತಂತಿ ಅರಚುತ್ತದೆ, ಪಕ್ಕದ್ದು ಗೊಣಗುತ್ತದೆ, ಹೆಬ್ಬೆರಳಿನ ಮಾಂಸದ ಸದ್ದು ಸತ್ತು ತಗಡು ಬಡಿದ ಹಾಗಾಗುತ್ತದೆ, ಸದ್ದು ಏರಿಸಿದರೆ ಹೊಟ್ಟೆಯೊಳಗೇ ಗುಂಯ್ ಎಂದು ಊಳಿಡುತ್ತದೆ. ನೆನೆದು ಒಳಗೆ ಬಂದವನ ಮುಖ ನೋಡಿಯೇ ನನಗೆ ತಿಳಿಯಿತು. ಹೆಬ್ಬೆರಳು ರಸ್ತೆಯಾಚೆಗೂ ಕೇಳಿತ್ತು.

ನಡಿಯುತ್ತೆ ಎನ್ನಲು ಬಾಯಿ ತೆರೆದಿದ್ದ. ಆಗ ಪಕ್ಕೆಯ ದೀಪ ಅವನ ಕಣ್ಣಿಗೆ ಬಿತ್ತು. ಕೆಂಪು.

ತಂತಿ ಮೀಟಿದ. ಕೆಂಪು. ಎರಡನೆಯದು, ಮೂರನೆಯದು, ಕೆಂಪೇ ಕೆಂಪು. ಈ ದೀಪ ಸುಳ್ಳು ಹೇಳುತ್ತಿದೆ ಎಂದ. ಮೆಲ್ವಿನ್ ಬೆವರಿ ಬ್ಯಾಟರಿ ಬದಲಿಸಿದ. ಆಗಲೂ ಕೆಂಪು. ಎಲ್ರಾಯ್ ಅಂಗಡಿಯಲ್ಲಿ ಬೇರೆಯವರ ಫೋನು ಏನು ತೋರಿಸಿದರೂ ಲೆಕ್ಕಕ್ಕಿಡುತ್ತಿರಲಿಲ್ಲ, ಆದರೆ ಇದು ವಾದ್ಯದ ಮೈಯಲ್ಲೇ ಕೂತು ಅವನ ಮುಖಕ್ಕೇ ಹೇಳುತ್ತಿತ್ತು. ಅಪ್ಪನ ಕವೆ ಕೊಡು ಎಂದ ನನಗೆ. ಅಪ್ಪ ಶ್ರುತಿ ನೋಡಲು ಬಳಸುತ್ತಿದ್ದ ಉಕ್ಕಿನ ಕವೆ ಅದು. ಅಪ್ಪನ ಮೇಲಿನ ಗೌರವಕ್ಕೆ ಎಲ್ರಾಯ್ ಅದನ್ನು ಎಂದೂ ಮುಟ್ಟಿದವನಲ್ಲ. ಮೇಜಿಗೆ ಬಡಿದು ಕಿವಿಯ ಹತ್ತಿರ ಹಿಡಿದ. ಕೊನೆಯ ತಂತಿ ಮೀಟಿದ. ಕವೆ ದೀಪದ ಪಕ್ಷ ವಹಿಸಿತು.

ಮೆಲ್ವಿನ್ ಒಳ್ಳೆಯವನು, ಏನೋ ನೆಪ ಹೇಳಿ ಕಾಫಿಗೆ ಹೋದ. ಎಲ್ರಾಯ್ ಕವೆಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತ.

"ಸುಮಿ, ಹಂಗಾದ್ರೆ ನಮ್ಮೂರೇ ತಪ್ಪು ಹಾಡ್ತಿತ್ತಾ?" ಎಂದ.

ಹಳೆಯ ಪೆಟ್ಟಿಗೆ, ಕಡಲಗಾಳಿ, ಒಳಗಿನ ಹಿತ್ತಾಳೆ ನಾಲಗೆಗಳು ಇಳಿದಿರಬಹುದು ಎಂದೆ.

"ಹಂಗಿದ್ರೆ ಸರಿ. ಪೆಟ್ಟಿಗೆ ತಪ್ಪಿದ್ರೆ ನಂಗೇನೂ ಬೇಜಾರಿಲ್ಲ. ಪೆಟ್ಟಿಗೆ ಸರಿ ಇದ್ದು, ಇಷ್ಟು ವರ್ಷದಲ್ಲಿ ನನ್ ಕಿವಿನೇ ಜಾರ್ತಾ ಜಾರ್ತಾ ಬಂದಿದ್ರೆ? ಆಗ ನಾನು ಕಾಪಾಡ್ಕೊಂಡು ಬಂದಿದ್ದೇನು?"

ಆ ದೊಡ್ಡ ಮುಖ ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಊರು ಹೋದಾಗಲೂ ಅವನು ಹೆದರಿರಲಿಲ್ಲವಂತೆ, ಕೋಪಗೊಂಡಿದ್ದನಷ್ಟೆ. ಈಗ ಅವನ ಕಿವಿಯೊಳಗೆ ಉಳಿದಿದ್ದ ಕೊನೆಯ ಕಲೆಹುವಾವೂ ಹೋಗುವ ಹಾಗಿತ್ತು. ನನಗೆ ಅಳು ಬಂತು, ಅಳು ಬಂದರೆ ನನಗೆ ಸಿಟ್ಟು ಬರುತ್ತದೆ. ಅಕ್ಕನನ್ನು ಕೇಳು ಎಂದೆ. ತಲೆ ಅಲ್ಲಾಡಿಸಿದ. ಮುದುಕನಾದರೂ ಬುದ್ಧಿ ಬರಲಿಲ್ಲವಲ್ಲ ಎಂದು ಬೈದೆ. ಎದ್ದು ಹೋದ. ತೀರ್ಪು ಕೊಡದೆ ಅವನು ಎದ್ದುಹೋದ ಒಂದೇ ವಾದ್ಯ ಅದು.

ವಾರ ಕಳೆದರೂ ಬರಲಿಲ್ಲ. ಅತ್ತ ವೇಗಸ್‌ನವರು ಕಾಯುತ್ತಿದ್ದರು. ಕಾರ್ಮೆನ್‌ಗೆ ಫೋನ್ ಮಾಡಿದರೆ, ಮನೆಯಲ್ಲಿ ಉಕುಲೆಲೆ ಮುಟ್ಟಿಲ್ಲ, ಕೋಳಿಗಳು ಗೆಲುವಾಗಿವೆ, ನನಗೇ ಮನೆಯಲ್ಲಿ ಇರಲು ಆಗುತ್ತಿಲ್ಲ ಎಂದಳು. ಆಗ ನಾನು ವಿನೋನಾಳ ನಂಬರು ಪಡೆದು ಎಲ್ಲವನ್ನೂ ಅವಳಿಗೆ ಹೇಳಿದೆ. ಕೆಂಪು ದೀಪ, ಕವೆ, ಎಲ್ರಾಯ್ ಕೇಳಿದ್ದು, ಎಲ್ಲ. ಎಲ್ಲ ಕೇಳಿ ಅವಳು, ಅವನನ್ನು ಅಂಗಡಿಗೆ ಕರೆಸು, ನನ್ನ ಮುಖ ಕಾಣುವ ಹಾಗೆ ಫೋನ್ ಹಿಡಿ ಎಂದಳು.

ಮೆಲ್ವಿನ್ ವಾದ್ಯವನ್ನು ವಾಪಸು ಒಯ್ಯುತ್ತಾನಂತೆ ಎಂದು ಸುಳ್ಳು ಹೇಳಿ ಎಲ್ರಾಯ್‌ನನ್ನು ಕರೆಸಿದೆ. ಬೆಳಗ್ಗೆಯೇ ಬಂದ. ನಾನು ಬಿಸ್ಕತ್ತಿನ ಡಬ್ಬಕ್ಕೆ ಫೋನ್ ಒರಗಿಸಿ ಕರೆ ಮಾಡಿದೆ. ಪರದೆಯ ಮೇಲೆ ಬಿಳಿ ಕೂದಲಿನ ಹೆಂಗಸು, ಹಿಂದೆ ಒಣಹಾಕಿದ ಬಟ್ಟೆ. ಎಲ್ರಾಯ್ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬಾಯ್," ಎಂದಳು ವಿನೋನಾ. ಅವನ ಮನೆಯವರೆಲ್ಲ ಚಿಕ್ಕಂದಿನಿಂದ ಕರೆಯುವ ಹೆಸರು ಅದು. ಹಾಗೆ ಕರೆಯಲು ಈಗ ಉಳಿದವಳು ಅವಳೊಬ್ಬಳೇ. "ಆ ದಪ್ಪ ತಂತಿ ಬಾರ್ಸು. ನಮ್ಮ ಶ್ರುತಿ ಅಂತೀಯಲ್ಲ, ಅದು."

ಅವನು ಬಾರಿಸುವುದಿಲ್ಲ ಎಂದುಕೊಂಡಿದ್ದೆ. ಆದರೆ ಆಸೆ ಕೋಪಕ್ಕಿಂತ ದೊಡ್ಡದು. ವಾದ್ಯ ತೆಗೆದುಕೊಂಡ, ಬಿರಡೆ ಇಳಿಸಿದ, ಕಣ್ಣು ಮುಚ್ಚಿ ಗುನುಗಿ ಜಾಗ ಹುಡುಕಿದ, ಸ್ಪೀಕರಿನ ಸದ್ದು ಏರಿಸಿ ಹೆಬ್ಬೆರಳಿನಿಂದ ಮೀಟಿದ. ಸ್ವರ ಅಂಗಡಿಯ ತುಂಬ ನಿಂತು ನಿಧಾನವಾಗಿ ಕರಗಿತು. ವಿನೋನಾ ಇನ್ನೊಮ್ಮೆ ಎಂದಳು. ಮತ್ತೆ ಮೀಟಿದ. ಅವಳು ಒಣಹಾಕಿದ್ದ ಯಾರದೋ ಅಂಗಿಯನ್ನೇ ಎಳೆದು ಕಣ್ಣಿಗೆ ಒತ್ತಿಕೊಂಡಳು.

"ಅದೇನಾ?" ಎಂದ ಎಲ್ರಾಯ್. "ಪೆಟ್ಟಿಗೆ ಸ್ವರ ಅದೇನಾ, ಅಲ್ವಾ? ಅಷ್ಟು ಹೇಳು ಸಾಕು."

"ಅದು ಪೆಟ್ಟಿಗೆ ಅಲ್ಲ ಕಣೋ. ನಾನು."

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ವಿನೋನಾ ಒಂದೇ ಸಮನೆ ಹೇಳಿಕೊಂಡು ಹೋದಳು. ಊರು ಹೋಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಇಲಿಗಳು ಪೆಟ್ಟಿಗೆಯ ತಿದಿಯನ್ನು ಕೊರೆದಿದ್ದವು, ನಾಲಗೆಗಳು ಕಿಲುಬು ಹಿಡಿದಿದ್ದವು. ಪ್ರಾರ್ಥನೆ ಮುಗಿದ ಮೇಲೆ ಮುಚ್ಚಳ ಹಾಕಿ ಬಟ್ಟೆ ಹೊದಿಸುವುದು ಅವಳ ಕೆಲಸ, ಮರೆತು ಹೋಗುತ್ತಿದ್ದಳು. ಒಂದು ಭಾನುವಾರ ಒತ್ತಿದರೆ ಉಸ್ಸೆಂದು ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ಹೊರಗೆ ಕಿಟಕಿಯ ಕೆಳಗೆ ಎಲ್ಲರೂ ಕಾಯುತ್ತಿದ್ದರು. ಎದುರಿಗೆ ಪಾದ್ರಿಗಳು ಕೂತಿದ್ದರು, ಹೆಂಡತಿಯ ಪೆಟ್ಟಿಗೆಯ ಸ್ವರ ಕೇಳಲು ಕಣ್ಣು ಮುಚ್ಚಿಕೊಂಡು. ಅವಳು ಕಾಲಿನಿಂದ ತಿದಿ ಒತ್ತುತ್ತಲೇ, ತುಟಿ ಬಿಗಿದು, ಮೂಗಿನಲ್ಲಿ ಆ ಸ್ವರ ಹಿಡಿದಳು. ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಭಾನುವಾರವೂ ಹಾಗೇ ಮಾಡಿದಳು. ಆಮೇಲೆ ಅದೇ ರೂಢಿಯಾಯಿತು.

"ಮೊದಮೊದ್ಲು ಪೆಟ್ಟಿಗೆ ಎಲ್ಲಿತ್ತೋ ಅಲ್ಲೇ ಹಿಡೀತಿದ್ದೆ. ಬರ್ತಾ ಬರ್ತಾ ನನ್ ಗಂಟ್ಲಿಗೆ ಎಲ್ಲಿ ಸಲೀಸೋ ಅಲ್ಲಿಗೆ ಇಳೀತು. ನೀವೆಲ್ಲ ಬಿರಡೆ ತಿರುಗಿಸ್ಕೊಂಡು ಹಿಂದೆಹಿಂದೆ ಬಂದ್ರಿ."

ಟ್ರಕ್ಕಿಗೆ ಯಾಕೆ ಏರಿಸಲು ಬಿಡಲಿಲ್ಲ ಎಂದು ಕೇಳುವ ಅಗತ್ಯವಿರಲಿಲ್ಲ. ಪಾಹೋವಾದ ಚರ್ಚಿನಲ್ಲಿ ಇಳಿಸಿದರೆ ಯಾರಾದರೂ ಪೆಟ್ಟಿಗೆಯ ಒಂದು ಮನೆ ಒತ್ತಿ ನೋಡುತ್ತಿದ್ದರು, ಗುಟ್ಟು ಬಯಲಾಗುತ್ತಿತ್ತು. ಪಾದ್ರಿಗಳು ಆಗ ಬದುಕಿದ್ದರು. ಅ‍ವರು ಸತ್ತ ಮೇಲಾದರೂ ಹೇಳಬಹುದಿತ್ತಲ್ಲ ಎಂದು ಎಲ್ರಾಯ್ ಕೇಳಿದ.

"ಹೆಂಗೆ ಹೇಳ್ಲಿ? ಎಲ್ರೂ ಸೇರಿದಾಗ್ಲೆಲ್ಲ ಮನೆ ಹೋಯ್ತು ಅಂತ ಅಳ್ತಿರ್ಲಿಲ್ಲ, ಆ ಪೆಟ್ಟಿಗೆ ಹೋಯ್ತು ಅಂತ ಅಳ್ತಿದ್ರಿ. ಊರೇ ಕಳ್ಕೊಂಡೋರ ಹತ್ರ, ನೀವು ಅಳ್ತಿರೋದೂ ಸುಳ್ಳು ಅಂತ ಹೇಳೋಕಾಗುತ್ತಾ? ನಂಗೆ ಬೈಕೊಂಡಿರ್ಲಿ ಅಂತ ಇಲ್ಲಿಗೆ ಬಂದ್ಬಿಟ್ಟೆ."

ಎಲ್ರಾಯ್ ಕೂಗಾಡುತ್ತಾನೆ ಎಂದು ನಾನು ಕಾದೆ. ಅವನು ವಾದ್ಯದ ಮೇಲೆ ಕೈಯಾಡಿಸುತ್ತ ಕೂತಿದ್ದ. ಇಷ್ಟು ವರ್ಷ ಅವನು ಯಾರ ಮೇಲೆ ಹಲ್ಲು ಕಡಿದುಕೊಂಡು ಬದುಕಿದನೋ ಅವಳ ದನಿಯನ್ನೇ ದಿನಾ ಗುನುಗಿಕೊಂಡು, ಹುಡುಕಿಕೊಂಡು, ಇನ್ನೊಬ್ಬರ ಬಾಯಲ್ಲಿ ಕೇಳಬೇಕೆಂದು ಸಾವಿನ ಮನೆಗಳಿಗೆ ಅಲೆದಿದ್ದ. ಒಂದು ಮರದ ಪೆಟ್ಟಿಗೆಗಾಗಿ ಅಷ್ಟು ನೋವು ಯಾಕೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಉತ್ತರ ಬಿಸ್ಕತ್ತಿನ ಡಬ್ಬಕ್ಕೆ ಒರಗಿಕೊಂಡು ಮೂಗು ಒರೆಸಿಕೊಳ್ಳುತ್ತಿತ್ತು.

"ಈಗ ಕೊಡಕ್ಕಾ," ಎಂದ. "ಆ ಸ್ವರ. ಕಿಟಕಿ ಹತ್ರ ನಿಂತಿದೀನಿ ಅನ್ಕೋ."

ಗಂಟಲು ಹೋಗಿದೆ, ಬಟ್ಟೆ ಒಗೆಯುವ ಆವಿ ಕುಡಿದು ಕುಡಿದು ಏನೂ ಉಳಿದಿಲ್ಲ, ಬೇಡ ಎಂದಳು. ಅವನು ಬಿಡಲಿಲ್ಲ. ಅವಳು ನೀರು ಕುಡಿದು, ಕತ್ತು ನೆಟ್ಟಗೆ ಮಾಡಿ, ತುಟಿ ಬಿಗಿದು ಹಿಡಿದಳು. ಬಂದ ಸ್ವರ ಒಡಕಾಗಿತ್ತು, ಅರ್ಧ ಗಾಳಿ. ಎಲ್ರಾಯ್ ತಂತಿಯನ್ನು ಅದಕ್ಕೆ ತಾಗಿಸಿ ನೋಡಿದ. ಎಲ್ಲಿಯ ಅದು, ಎಲ್ಲಿಯ ಇದು. ಕಲೆಹುವಾದ ಶ್ರುತಿಗಿಂತಲೂ ಅವಳು ಬಹಳ ಕೆಳಗಿದ್ದಳು. ಅವನು ಬಿರಡೆ ಇಳಿಸಿದ. ಸಾಲಲಿಲ್ಲ. ಮತ್ತೆ ಇಳಿಸಿದ. ಅವಳ ಉಸಿರು ಮುಗಿದು ಮತ್ತೆ ಹಿಡಿದಳು, ಇವನು ಮತ್ತೆ ಇಳಿಸಿದ, ಎರಡೂ ಒಂದಾಗುವ ತನಕ. ಅಷ್ಟು ಹೊತ್ತಿಗೆ ತಂತಿಗಳು ಜೋತುಬಿದ್ದು ಮೆಟ್ಟಿಲುಗಳಿಗೆ ತಾಗಿ ಕಿರಿಕ್ ಕಿರಿಕ್ ಎನ್ನುತ್ತಿದ್ದವು. ಪಕ್ಕೆಯ ದೀಪ ಇದು ಯಾವ ಸ್ವರವೆಂದೇ ತಿಳಿಯದೆ ಆರಿಹೋಯಿತು. ಹಾಗೆ ಕಿರುಗುಟ್ಟುವ ವಾದ್ಯವನ್ನು ಹೊಸ್ತಿಲು ದಾಟಲೂ ಬಿಡದಿದ್ದ ಮನುಷ್ಯ ಅದನ್ನೇ ಹೊಟ್ಟೆಗೆ ಅಪ್ಪಿಕೊಂಡು, ಭಾನುವಾರದ ಮೊದಲ ಹಾಡನ್ನು ಬಾರಿಸಿದ. ಅಕ್ಕ ಹಾಡಿದಳು. ಅವನೂ ಹಾಡಿದ. ಸಾಲು ಮರೆತಲ್ಲಿ ಇಬ್ಬರೂ ಒಟ್ಟಿಗೇ ಮರೆತರು.

ಫೋನ್ ಇಟ್ಟ ಮೇಲೆ ಅವನು ಬಿರಡೆಗಳನ್ನು ಹಿಡಿದುಕೊಂಡೇ ಕೂತಿದ್ದ. ನಾನು ಮೂಗು ಒರೆಸಿಕೊಂಡು, ತೀರ್ಪು ಏನು, ವೇಗಸ್‌ನವರಿಗೆ ಏನು ಹೇಳಲಿ ಎಂದೆ.

"ನಡಿಯುತ್ತೆ," ಎಂದ. ಆಮೇಲೆ ಸಡಿಲವಾಗಿ ಜೋತಿದ್ದ ದಪ್ಪ ತಂತಿಯನ್ನು ಬೆರಳಲ್ಲಿ ಎತ್ತಿ ನನಗೆ ತೋರಿಸಿದ. "ಅವಳ ಗಂಟಲು ಇಷ್ಟು ಕೆಳಗೆ ಇಳಿಯೋವರೆಗೂ ನಾನು ಎಲ್ಲಿದ್ದೆ, ಸುಮಿ?"

ಪಾರ್ಸೆಲ್ ಮಾಡಲು ತೆಗೆದಿಟ್ಟಿದ್ದ ರಟ್ಟಿನ ಡಬ್ಬ ಮೇಜಿನ ಮೇಲೆ ತೆರೆದೇ ಇತ್ತು. ವಾದ್ಯವನ್ನು ಅದರಲ್ಲಿಡಲು ಕೈ ಚಾಚಿದೆ. ಅವನು ಕೊಡಲಿಲ್ಲ. ಡಬ್ಬ ಬೇಡ, ವೇಗಸ್‌ಗೆ ವಿಮಾನ ಯಾವತ್ತಿದೆ ನೋಡು ಎಂದ.